ಹುಣಸೆ ಬೀಜದ ಗೋಂದಿಗೆ ಎಫ್‌ಟಿಐಆರ್ ಪರೀಕ್ಷೆ: ರೋಹಿತ ಚೊಕ್ಕ, ವರದಿ ಅರೆಬರೆ

ಹುಣಸೆ ಬೀಜದ ಪುಡಿ ಕರಗಬೇಕಾದರೆ ಕುದಿಸಬೇಕು. ಅದನ್ನೇ ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಮಾನೋಕ್ಲೋರೋಅಸಿಟೇಟ್ ಜೊತೆ ವರ್ತಿಸಲು ಬಿಟ್ಟರೆ ತಣ್ಣೀರಿನಲ್ಲೇ ಕರಗುವ ಕಾರ್ಬಾಕ್ಸಿಮೀಥೈಲ್ ಗೋಂದು ಸಿಗುತ್ತದೆ. ಬಟ್ಟೆಗೆ ಬಣ್ಣದ ಅಚ್ಚು ಹಾಕುವವರು ಪೇಸ್ಟನ್ನು ಮಂದಗೊಳಿಸಲು ಇದನ್ನು ಬಳಸುತ್ತಾರೆ. ಒಂದು ಸಕ್ಕರೆ ಘಟಕಕ್ಕೆ ಸರಾಸರಿ ಎಷ್ಟು ಕಾರ್ಬಾಕ್ಸಿಮೀಥೈಲ್ ಗುಂಪುಗಳು ಸೇರಿವೆ ಎಂಬುದೇ ಡಿಎಸ್ (ಡಿಗ್ರಿ ಆಫ್ ಸಬ್‌ಸ್ಟಿಟ್ಯೂಷನ್). ಅದನ್ನು ತಿಳಿಯಲು, ಶುಲ್ಕ ಪಡೆದು ಹೊರಗಿನವರ ಮಾದರಿಗಳನ್ನೂ ಪರೀಕ್ಷಿಸುವ ಒಂದು ವಿಶ್ಲೇಷಣಾ ಕೇಂದ್ರದ ಎಫ್‌ಟಿಐಆರ್ ಸೇವೆಯನ್ನು ನಾನು ಬಳಸಿದೆ. ಮಾದರಿ ಯಾವ ಯಾವ ಅವಗೆಂಪು ಕಿರಣಗಳನ್ನು ಹೀರುತ್ತದೆ ಎಂದು ಅಳೆದು ರೋಹಿತವೆಂಬ ನಕ್ಷೆ ಬಿಡಿಸುವ ವಿಧಾನವಿದು; ಅದರ ಪೀಕ್‌ಗಳಿಂದ ಮಾದರಿಯಲ್ಲಿ ಯಾವ ರಾಸಾಯನಿಕ ಗುಂಪುಗಳಿವೆ ಎಂಬ ಸುಳಿವು ಸಿಗುತ್ತದೆ.

ಉಪಕರಣದ ಬಗ್ಗೆ ದೂರಿಲ್ಲ. ಪುಡಿಯನ್ನು ನೇರವಾಗಿ ಅಳೆಯುವ ಎಟಿಆರ್ ಜೋಡಣೆಯ ವಜ್ರದ ಹರಳಿನ ಮೇಲೆ ಚಿಟಿಕೆ ಪುಡಿ ಇಟ್ಟು ಒತ್ತಿದರೆ ಸಾಕು, ತೇವ ಹೀರುವ ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಮಾದರಿಯನ್ನು ಬೆರೆಸಿ ಬಿಲ್ಲೆ ಒತ್ತುವ ರಗಳೆಯೇ ಇಲ್ಲ. ಕಚ್ಚಾ ಪುಡಿಯ ರೋಹಿತದ ಮೇಲೆ ನಮ್ಮ ಗೋಂದಿನ ರೋಹಿತವನ್ನು ಇಟ್ಟು ಕೊಟ್ಟಿದ್ದರಿಂದ, 1600 ಮತ್ತು 1420 ತರಂಗಸಂಖ್ಯೆಗಳ (ಒಂದು ಸೆಂಟಿಮೀಟರಿನಲ್ಲಿ ಹಿಡಿಯುವ ಅಲೆಗಳ ಸಂಖ್ಯೆ) ಆಸುಪಾಸಿನಲ್ಲಿ ಕಾರ್ಬಾಕ್ಸಿಲೇಟಿನ, ಅಂದರೆ ಕಾರ್ಬಾಕ್ಸಿಮೀಥೈಲ್ ಗುಂಪಿನ ತುದಿಯ ಲವಣರೂಪದ, ಎರಡು ಪೀಕ್‌ಗಳು ಹೊಸದಾಗಿ ಎದ್ದಿರುವುದು ಒಂದೇ ನೋಟಕ್ಕೆ ಕಂಡಿತು. ಚಿತ್ರದ ಜೊತೆ ಮೂಲ ಡೇಟಾ ಫೈಲನ್ನೂ ಕೇಳದೆಯೇ ಕೊಟ್ಟರು. ಇದು ಎಲ್ಲೆಡೆ ಸಿಗುವ ಸೌಜನ್ಯವಲ್ಲ.

ತಕರಾರಿರುವುದು ವರದಿಯ ಕೊನೆಯಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿದ್ದ ಡಿಎಸ್ ಅಂಕಿಯ ಬಗ್ಗೆ. 1600ರ ಪೀಕಿನ ಎತ್ತರವನ್ನು ಸಕ್ಕರೆಯ ಬೆನ್ನೆಲುಬಿನ ಪೀಕಿನಿಂದ ಭಾಗಿಸಿ, ಸೆಲ್ಯುಲೋಸಿಗಾಗಿ ರೂಪಿಸಿದ ಸಮೀಕರಣಕ್ಕೆ ಹಾಕಿದ್ದರು. ಹುಣಸೆ ಗೋಂದಿನ ಬೆನ್ನೆಲುಬು ಸೆಲ್ಯುಲೋಸಿನಂತೆ ಗ್ಲೂಕೋಸ್ ಸರಪಳಿಯೇ ಆದರೂ ಅದಕ್ಕೆ ಕ್ಸೈಲೋಸ್ ಮತ್ತು ಗ್ಯಾಲಕ್ಟೋಸಿನ ಕವಲುಗಳಿವೆ. ಆದ್ದರಿಂದ ಆ ಸಮೀಕರಣ ಇಲ್ಲಿ ಒಪ್ಪುವುದಿಲ್ಲ. ಅಲ್ಲದೆ ಆ ಪೀಕಿನ ಎಡಮಗ್ಗುಲಲ್ಲಿ ಒಂದು ಉಬ್ಬು ಸ್ಪಷ್ಟವಾಗಿತ್ತು: ಪುಡಿಯಲ್ಲಿ ಉಳಿದ ನೀರು 1640ರ ಬಳಿ, ಬೀಜದ ಪ್ರೋಟೀನು 1650ರ ಬಳಿ ಹೀರಿಕೊಳ್ಳುತ್ತವೆ. ಅಡ್ಡ ಕ್ರಿಯೆಯಲ್ಲಿ ಹುಟ್ಟುವ ಸೋಡಿಯಂ ಗ್ಲೈಕೋಲೇಟಂತೂ ತಾನೇ ಒಂದು ಕಾರ್ಬಾಕ್ಸಿಲೇಟು. ಅದನ್ನು ನೀರು ಬೆರೆಸಿದ ಆಲ್ಕೋಹಾಲಿನಲ್ಲಿ ತೊಳೆದು ತೆಗೆಯದಿದ್ದರೆ ಗೋಂದಿಗೆ ಅಂಟದ ಗುಂಪುಗಳೂ ಲೆಕ್ಕಕ್ಕೆ ಸೇರಿ ಡಿಎಸ್ ಸುಮ್ಮನೆ ಏರುತ್ತದೆ. ಮಾದರಿಯನ್ನು ತೊಳೆದಿದ್ದೀರಾ, ಒಣಗಿಸಿದ್ದೀರಾ ಎಂದು ಕೇಳುವ ಒಂದು ಸಾಲೂ ಅವರ ಅರ್ಜಿ ನಮೂನೆಯಲ್ಲಿಲ್ಲ.

ದಾರಿ ಇಲ್ಲದೇನಿಲ್ಲ. ಗೋಂದನ್ನು ಆಮ್ಲೀಕರಿಸಿದರೆ ಕಾರ್ಬಾಕ್ಸಿಲೇಟು ಕಾರ್ಬಾಕ್ಸಿಲಿಕ್ ಆಮ್ಲವಾಗಿ, ಪೀಕು 1730ರ ಸುತ್ತ ನೀರು-ಪ್ರೋಟೀನುಗಳ ಗದ್ದಲದಿಂದ ಆಚೆ ನಿಲ್ಲುತ್ತದೆ. ಕೇಳಿಕೊಂಡ ಮೇಲೆ ಕೇಂದ್ರದ ತಂತ್ರಜ್ಞರು ಇದನ್ನು ಆಸ್ಥೆಯಿಂದಲೇ ಮಾಡಿಕೊಟ್ಟರು, ಫಲಿತಾಂಶವೂ ಅಚ್ಚುಕಟ್ಟಾಗಿತ್ತು; ಮೊದಲೇ ಸೂಚಿಸಿದ್ದರೆ ಎರಡನೆಯ ಶುಲ್ಕ ಉಳಿಯುತ್ತಿತ್ತು. ಅಲ್ಲಿ ಹೈಡ್ರೋಜನ್ ಪರಮಾಣುಗಳನ್ನು ಕಾಂತಕ್ಷೇತ್ರದಲ್ಲಿಟ್ಟು ಅಳೆಯುವ ಪ್ರೋಟಾನ್ ಎನ್‌ಎಂಆರ್ ಸೌಲಭ್ಯವೂ ಇದೆ, ಆದರೆ ದುಬಾರಿ; ಮಂದ ದ್ರಾವಣದಲ್ಲಿ ಪೀಕ್‌ಗಳು ಹರಡಿಕೊಳ್ಳುವುದರಿಂದ ಗೋಂದನ್ನು ಮೊದಲು ಆಮ್ಲದಲ್ಲಿ ಒಡೆಯಬೇಕಾಗುತ್ತದೆ.

ಒಂದೇ ರೀತಿಯಲ್ಲಿ ತೊಳೆದು ಒಣಗಿಸಿದ ಬ್ಯಾಚುಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತಿಳಿಯಲು ಈ ಸೇವೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಖರೀದಿದಾರರಿಗೆ ಡಿಎಸ್ ಅಂಕಿಯನ್ನೇ ಬರೆದುಕೊಡಬೇಕಾದವರು ಮಾತ್ರ, ತಮ್ಮದೇ ಗೋಂದಿನ ಕೆಲವು ಮಾದರಿಗಳನ್ನು ಟೈಟ್ರೇಶನ್ (ಆಮ್ಲ-ಕ್ಷಾರದ ಅಳತೆಯಿಂದ ಗುಂಪುಗಳನ್ನು ಎಣಿಸುವ ವಿಧಾನ) ಮಾಡಿಸಿ, ಆ ಅಂಕಿಗಳನ್ನು ಮಾದರಿಯ ಜೊತೆಯಲ್ಲೇ ಕೇಂದ್ರಕ್ಕೆ ಕೊಡುವುದು ಒಳ್ಳೆಯದು.