ಮಾದರಿ ಕಡತ ನೋಡಿ ಡಾಕ್ಯುಮೆಂಟೇಶನ್ ಬರೆಯುವವರಿಗೆ ಒಂದು ಎಚ್ಚರಿಕೆ

ವಿಜಯಪುರದ ಕಾಲೇಜೊಂದರಲ್ಲಿ ನಡೆದ ಕ್ರೀಡಾ ರಸಪ್ರಶ್ನೆ ಸ್ಪರ್ಧೆಯಲ್ಲಿ, 2015ರಲ್ಲಿ ರಣಜಿ ಟ್ರೋಫಿ ಗೆದ್ದ ತಂಡ ಯಾವುದು ಎಂಬ ಪ್ರಶ್ನೆಗೆ ಹುಡುಗನೊಬ್ಬ ‘ಕರ್ನಾಟಕ’ ಎಂದು ತಟ್ಟನೆ ಉತ್ತರಿಸಿದ. ಪ್ರಶ್ನೆ ಕೇಳುತ್ತಿದ್ದ ನನ್ನ ಗೆಳೆಯರು ಕೈಯಲ್ಲಿದ್ದ ಹಾಳೆಯನ್ನು ನೋಡಿ, ಉತ್ತರ ತಪ್ಪು, ಗೆದ್ದದ್ದು ಮುಂಬೈ ಎಂದರು. “ಇಲ್ರಿ ಸರ್, ಫೈನಲ್ ಮುಂಬೈದಾಗ ನಡೀತ್ರಿ, ಗೆದ್ದವರು ನಮ್ಮವರರಿ. ಕರುಣ್ ನಾಯರ್ 328 ಹೊಡದಿದ್ರಲ್ರಿ” ಎಂದು ಹುಡುಗ ಎದ್ದು ನಿಂತೇ ವಾದಿಸಿದ. ಅಂಕ ಸಿಗಲಿಲ್ಲ. ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ, ಹುಡುಗ ಹೇಳುತ್ತಿರುವುದು ಸರಿ ಎಂಬುದರ ಜೊತೆಗೆ, ಆ ಹಾಳೆಯಲ್ಲಿನ ತಪ್ಪು ನನ್ನದೇ ಎಂಬುದೂ ಅರ್ಧ ನಿಮಿಷದಲ್ಲಿ ಹೊಳೆಯಿತು.

ಗೆಳೆಯರು ಆ ಉತ್ತರಗಳನ್ನು ತೆಗೆದದ್ದು ಎಐ ಏಜೆಂಟ್ ಒಂದರಿಂದ, ಅಂದರೆ ಬೇರೆ ಸಾಫ್ಟ್‌ವೇರ್‌ಗಳನ್ನು ತಾನೇ ಬಳಸಿ ಉತ್ತರ ಕೊಡುವ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಮ್‌ನಿಂದ. ಪಂದ್ಯಗಳ ಅಂಕಿಅಂಶಗಳನ್ನು ತರಲು ಆ ಏಜೆಂಟ್ ಬಳಸುವ ಸಾಫ್ಟ್‌ವೇರ್ ಟೂಲ್‌ಗೆ ಡಾಕ್ಯುಮೆಂಟೇಶನ್, ಅಂದರೆ ಬಳಕೆಯ ವಿವರಣೆ, ಬರೆದುಕೊಟ್ಟವನು ನಾನು. ಬಳಸಿ ನೋಡಿ ಎಂದು ಹೇಳಿದವನೂ ನಾನೇ. ಕೆಲಸ ಕೊಟ್ಟ ಸಂಸ್ಥೆಯವರು ಟೂಲನ್ನು ನಡೆಸಿ ನೋಡಲು ಪ್ರವೇಶ ಕೊಟ್ಟಿರಲಿಲ್ಲ. ಟೂಲ್ ಕೊಡುವ ಮಾಹಿತಿಯ ನಾಲ್ಕೈದು ಮಾದರಿ ಜೇಸನ್ ಕಡತಗಳನ್ನು (ಪ್ರತಿ ಮಾಹಿತಿಯನ್ನೂ ಒಂದು ಹೆಸರಿನ ಎದುರು ಬರೆದಿಡುವ ಕಡತಗಳು) ಕಳುಹಿಸಿ, ಅವುಗಳಲ್ಲಿನ ಹೆಸರು ನೋಡಿದರೆ ಅರ್ಥವಾಗುತ್ತದೆ, ಹನ್ನೆರಡು ದಿನಗಳಲ್ಲಿ ಮುಗಿಸಿಕೊಡಿ ಎಂದಿದ್ದರು. ನಾನು ಒಪ್ಪಿಕೊಂಡೆ. ಇಂಥ ಕೆಲಸ ಹಿಡಿದಿರುವವರು ಇಲ್ಲೇ ಸ್ವಲ್ಪ ನಿಲ್ಲಬೇಕೆಂದು ಕೋರುತ್ತೇನೆ.

‘ಸೀಸನ್’ ಎಂಬ ಪ್ಯಾರಾಮೀಟರಿನ (ಪ್ರಶ್ನೆಯ ಜೊತೆ ಟೂಲ್‌ಗೆ ತುಂಬಿ ಕೊಡಬೇಕಾದ ಅಂಶ) ಎದುರಿಗೆ ‘ಋತುವಿನ ವರ್ಷ’ ಎಂಬ ಎರಡೇ ಪದಗಳನ್ನು ಬರೆದಿದ್ದೆ. ರಣಜಿ ಋತು ಒಂದು ವರ್ಷದಲ್ಲಿ ಆರಂಭವಾಗಿ ಮುಂದಿನ ವರ್ಷದಲ್ಲಿ ಮುಗಿಯುತ್ತದೆ. ಕರ್ನಾಟಕವು ತಮಿಳುನಾಡನ್ನು ಸೋಲಿಸಿದ ಫೈನಲ್ 2015ರ ಮಾರ್ಚ್‌ನಲ್ಲಿ ನಡೆದರೂ ಅದು 2014-15ರ ಋತುವಿಗೆ ಸೇರಿದ್ದು. ಟೂಲ್ ಮಾತ್ರ ವರ್ಷವೆಂದರೆ ಆರಂಭದ ವರ್ಷ ಎಂದು ಹಿಡಿಯುತ್ತದೆ. ಹೀಗಾಗಿ 2015 ಎಂದು ಕೇಳಿದಾಗ 2015-16ರ ಋತುವಿನ ವಿಜೇತ ಮುಂಬೈಯನ್ನು ತಂದುಕೊಟ್ಟಿತು. ದತ್ತಾಂಶದಲ್ಲಿ ದೋಷವಿರಲಿಲ್ಲ, ಟೂಲಿನಲ್ಲಿಯೂ ಇರಲಿಲ್ಲ. ನಾನು ಬರೆಯದೆ ಬಿಟ್ಟ ಒಂದು ವಾಕ್ಯದಲ್ಲಿ ಇತ್ತು. ಮನುಷ್ಯ ಡೆವಲಪರ್ ಆಗಿದ್ದರೆ ಒಮ್ಮೆ ಓಡಿಸಿ ನೋಡಿ, ಅನುಮಾನ ಬಂದು, ಫೋನ್ ಮಾಡಿ ಕೇಳುತ್ತಿದ್ದ. ಏಜೆಂಟಿಗೆ ಟೂಲ್‌ನ ಬಗ್ಗೆ ಗೊತ್ತಿರುವುದು ಆ ವಿವರಣೆಯಷ್ಟೇ. ಅದರಲ್ಲಿ ಬಿಟ್ಟ ಜಾಗವನ್ನು ಅದು ತನ್ನ ಊಹೆಯಿಂದ ತುಂಬಿ, ಅನುಮಾನದ ಸುಳಿವೂ ಇಲ್ಲದಂತೆ ಉತ್ತರ ಕೊಡುತ್ತದೆ.

ಮನೆಗೆ ಬಂದು, ಗೆಳೆಯರ ಖಾತೆಯಿಂದಲೇ ರಾತ್ರಿಯೆಲ್ಲ ಕುಳಿತು ಪ್ರಶ್ನೆಗಳನ್ನು ಹಾಕಿ ನೋಡಿದೆ. ಓವರ್ ಲೆಕ್ಕದಲ್ಲಿ 19.4 ಎಂದರೆ ಹತ್ತೊಂಬತ್ತು ಓವರ್ ಮತ್ತು ನಾಲ್ಕು ಎಸೆತ ಎಂಬುದು ಗಲ್ಲಿಯಲ್ಲಿ ಆಡುವ ಮಕ್ಕಳಿಗೂ ಗೊತ್ತು, ಆದ್ದರಿಂದಲೇ ನಾನು ಅದನ್ನು ಬರೆದಿರಲಿಲ್ಲ. ಏಜೆಂಟ್ ಅದನ್ನು ದಶಮಾಂಶವೆಂದು ಭಾವಿಸಿ, 150 ರನ್‌ಗಳ ಇನಿಂಗ್ಸ್‌ಗೆ 7.63ರ ಬದಲು 7.73 ರನ್ ಸರಾಸರಿ ತೋರಿಸಿತು. ಯುರೋಪಿನಲ್ಲಿ ನಡೆದು ನಮ್ಮಲ್ಲಿ ರಾತ್ರಿ 12.30ಕ್ಕೆ ಆರಂಭವಾಗುವ ಫುಟ್‌ಬಾಲ್ ಪಂದ್ಯವನ್ನು ಹಿಂದಿನ ದಿನಕ್ಕೆ ಹಾಕಿತು, ಏಕೆಂದರೆ ಟೂಲ್ ಕೊಡುವ ಸಮಯ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದ್ದು, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ದಿನದ ಬಳಕೆಯ ಮಿತಿ ಮುಗಿದಾಗ ಟೂಲ್ ದೋಷವೆಂದು ಹೇಳದೆ ಖಾಲಿ ಪಟ್ಟಿಯನ್ನು ಕಳುಹಿಸುತ್ತದೆ ಎಂಬುದು ಅಂದೇ ಗೊತ್ತಾಯಿತು. ಏಜೆಂಟ್ ಅದನ್ನು ಓದಿ ‘ಇಂದು ಯಾವ ಪಂದ್ಯವೂ ಇಲ್ಲ’ ಎಂದು ಘೋಷಿಸಿತು.

ಇವೆಲ್ಲಕ್ಕಿಂತ ಕೆಟ್ಟದ್ದು ನಸುಕಿನಲ್ಲಿ ಸಿಕ್ಕಿತು. ಓದುವವರಿಗೆ ಸುಲಭವಾಗಲೆಂದು ಡಾಕ್ಯುಮೆಂಟೇಶನ್‌ನಲ್ಲಿ ಒಂದು ಮಾದರಿ ಉತ್ತರವನ್ನು ನಾನೇ ಕಟ್ಟಿ ಹಾಕಿದ್ದೆ: ಸೌರಾಷ್ಟ್ರದ ವಿರುದ್ಧ ಕರ್ನಾಟಕಕ್ಕೆ 6 ವಿಕೆಟ್ ಜಯ. ಅಂಥ ಪಂದ್ಯ ನನ್ನ ತಲೆಯಲ್ಲಿ ಮಾತ್ರ ನಡೆದಿತ್ತು. ಟೂಲ್‌ಗೆ ಪ್ರವೇಶ ಕೊಡುವ ಖಾತೆಯ ಕೀಲಿಯನ್ನು (ಗುಪ್ತ ಸಂಕೇತ) ಬೇಕೆಂದೇ ತಪ್ಪಾಗಿ ಕೊಟ್ಟು, ಕರ್ನಾಟಕದ ಇತ್ತೀಚಿನ ಪಂದ್ಯದ ಫಲಿತಾಂಶ ಕೇಳಿದೆ. ಬಹುತೇಕ ಸಲ ಅದು ಮಾಹಿತಿ ಸಿಗಲಿಲ್ಲ ಎಂದು ಒಪ್ಪಿಕೊಂಡಿತು, ಆದರೆ ಎರಡು ಸಲ ನನ್ನ ಕಲ್ಪನೆಯ ಆ 6 ವಿಕೆಟ್ ಜಯವನ್ನೇ ನಿಜವಾದ ಫಲಿತಾಂಶವೆಂದು ನನಗೇ ಒಪ್ಪಿಸಿತು. ಅಂದಿನಿಂದ ನಾನು ಮಾದರಿಗಳಲ್ಲಿ ‘ತಂಡ ಅ’, ‘ತಂಡ ಆ’ ಎಂದೇ ಬರೆಯುತ್ತೇನೆ. ಓದಲು ಚೆನ್ನಾಗಿರುವುದಿಲ್ಲ, ಇರಬೇಕಾಗಿಯೂ ಇಲ್ಲ.

ಈ ದೋಷಗಳನ್ನೆಲ್ಲ ಬರೆದು ಕಳುಹಿಸಿದಾಗ ಸಂಸ್ಥೆಯವರು, ತಪ್ಪು ಡಾಕ್ಯುಮೆಂಟೇಶನ್‌ನಲ್ಲಿದೆ ಎಂದು ನೀವೇ ಒಪ್ಪಿಕೊಂಡಿದ್ದೀರಲ್ಲ ಎಂದು ಹೇಳಿ ಎರಡನೇ ಕಂತಿನ ಹಣವನ್ನು ತಡೆಹಿಡಿದರು. ಪ್ರವೇಶ ಕೊಡದಿದ್ದರ ಬಗ್ಗೆ ಒಪ್ಪಂದದಲ್ಲಿ ಒಂದು ಸಾಲೂ ಇರಲಿಲ್ಲವಾದ್ದರಿಂದ ವಾದಿಸಲು ನನ್ನ ಬಳಿ ಏನೂ ಇರಲಿಲ್ಲ. ಟೂಲನ್ನು ನೀವೇ ನಡೆಸಿ ನೋಡುವ ಅವಕಾಶ, ಅದು ಸೋತಾಗ ಏನನ್ನು ಕಳುಹಿಸುತ್ತದೆ ಎಂಬುದರ ನಿಜವಾದ ಪ್ರತಿ, ಬರೆದದ್ದನ್ನು ಏಜೆಂಟ್ ಒಂದಕ್ಕೆ ಓದಿಸಿ ಪರೀಕ್ಷಿಸಲು ಕೆಲವು ದಿನ, ಇವಿಷ್ಟನ್ನು ಕಾಗದದ ಮೇಲೆ ಪಡೆಯದೆ ಮುಂಗಡಕ್ಕೆ ಕೈಯೊಡ್ಡಬೇಡಿ.

ಗೆಳೆಯರು ಮರುದಿನ ಕಾಲೇಜಿಗೆ ಹೋಗಿ ಆ ಹುಡುಗನ ಮುಂದೆ ತಪ್ಪು ಒಪ್ಪಿಕೊಂಡು ಬಂದರು. ‘ಋತುವಿನ ವರ್ಷ’ ಎಂಬ ಆ ಎರಡು ಪದಗಳು ಟೂಲ್‌ನ ವಿವರಣೆಯಲ್ಲಿ ಇಂದಿಗೂ ಹಾಗೆಯೇ ಇವೆ. ನೀವು ಇಂಥ ಯಾವುದೇ ಟೂಲ್ ಬಳಸುವುದಿದ್ದರೂ ಮೊದಲು 2015ರ ರಣಜಿ ಪ್ರಶ್ನೆಯನ್ನೇ ಕೇಳಿ ನೋಡಿ. ಬೇರೇನೂ ಹೇಳದೆ ಮುಂಬೈ ಎಂದು ಉತ್ತರ ಬಂದರೆ, ಅದರ ಡಾಕ್ಯುಮೆಂಟೇಶನ್ ಬರೆದವರೂ ನನ್ನ ಹಾಗೆ ಮಾದರಿ ಕಡತ ನೋಡಿಯೇ ಬರೆದಿರಬಹುದು.