ಮೂಗುಪಟ್ಟಿಯ ಹೆಡ್‌ಗಾರ್ಡ್: ಮುಖ ಕಾಯುತ್ತದೆ, ಮಿದುಳನ್ನಲ್ಲ

ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಏಟು ತಿಂದು ಸೋತ ಬಾಕ್ಸರ್ ಮತ್ತೆ ಸ್ಪಾರಿಂಗ್‌ಗೆ, ಅಂದರೆ ಜೊತೆಗಾರನೊಂದಿಗಿನ ಅಭ್ಯಾಸದ ಕಾದಾಟಕ್ಕೆ, ಇಳಿಯುವಾಗ ಮೂಗಿನ ಮುಂದೆ ಅಡ್ಡಪಟ್ಟಿ ಇರುವ ಹೆಡ್‌ಗಾರ್ಡ್ (ತಲೆಗೆ ಹಾಕುವ ಫೋಮ್ ಕವಚ) ಕೊಳ್ಳುವುದುಂಟು. ಹುಬ್ಬಿನ ಗಾಯ ಮತ್ತೆ ಬಿಚ್ಚಬಾರದು, ಮುರಿದ ಮೂಗಿಗೆ ಪೆಟ್ಟಾಗಬಾರದು ಎಂಬುದಷ್ಟೇ ಉದ್ದೇಶವಾದರೆ ಧೈರ್ಯವಾಗಿ ಕೊಳ್ಳಿ. ಮುಂದಿನ ಕೈಯಿಂದ ನೇರ ಬರುವ ಗುದ್ದು, ಅಂದರೆ ಜ್ಯಾಬ್, ಪಟ್ಟಿಗೆ ಬಡಿದು ಅಲ್ಲೇ ನಿಲ್ಲುತ್ತದೆ.

ಇದನ್ನು ಮಿದುಳಿನ ಕವಚವೆಂದು ನಂಬಿದರೆ ಮಾತ್ರ ಅಪಾಯ. ತಲೆ ಥಟ್ಟನೆ ತಿರುಗಿ, ಬುರುಡೆಯೊಳಗೆ ಮಿದುಳು ಅಲುಗಿದಾಗ ನಾಕ್‌ಔಟ್ ಆಗುತ್ತದೆ. ಆ ತಿರುಗುವಿಕೆಯನ್ನು ಫೋಮ್ ಪೂರ್ತಿ ತಡೆಯಲಾರದು. ಪಟ್ಟಿಯ ಪಕ್ಕಕ್ಕೆ ಹುಕ್ (ಬದಿಯಿಂದ ಬಾಗಿ ಬರುವ ಗುದ್ದು) ಬಿದ್ದರಂತೂ ಪಟ್ಟಿಯೇ ಸನ್ನೆಗೋಲಾಗಿ ತಲೆಯನ್ನು ಇನ್ನಷ್ಟು ಎಳೆಯುತ್ತದೆ. ತಲೆಯ ಗಾತ್ರ ಹೆಚ್ಚುವುದರಿಂದ ಕೂದಲೆಳೆಯಲ್ಲಿ ತಪ್ಪಬೇಕಿದ್ದ ಏಟೂ ತಾಗುತ್ತದೆ. ಪಟ್ಟಿ ಅಡ್ಡವಿರುವುದರಿಂದ ಕೆಳಗಿನಿಂದ ಬರುವ ಅಪ್ಪರ್‌ಕಟ್ ಕಣ್ಣಿಗೆ ಬೀಳುವುದು ತಡವಾಗುತ್ತದೆ, ಕಾಣದ ಏಟಿಗೆ ಕುತ್ತಿಗೆ ಬಿಗಿಯಾಗಿರುವುದಿಲ್ಲ. ಹೆಡ್‌ಗಾರ್ಡ್ ಮಿದುಳನ್ನು ಕಾಯುವುದಿಲ್ಲ ಎಂಬ ಇಂಥ ವಾದದಿಂದಲೇ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷ ಬಾಕ್ಸರ್‌ಗಳು ಅದಿಲ್ಲದೆಯೇ ಆಡಿದರು.

ದೊಡ್ಡ ಸೋಲಿನ ನಂತರ ಅನೇಕರು ಇಳಿಮುಖವಾಗುವುದಕ್ಕೆ ವಯಸ್ಸು, ತೂಕ ಇಳಿಸುವ ಹಿಂಸೆ, ಕುಂದಿದ ಆತ್ಮವಿಶ್ವಾಸ ಎಲ್ಲವೂ ಕಾರಣವೇ. ಜಿಮ್ಮಿನೊಳಗೆ ಕಾಣುವ ಕಾರಣ ಇನ್ನೊಂದಿದೆ: ಪೂರ್ತಿ ಸುಧಾರಿಸುವ ಮೊದಲೇ ಶುರುವಾಗುವ ಜೋರು ಸ್ಪಾರಿಂಗ್. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಹಾನಿ ಬೇಗ ಆಗುತ್ತದೆ, ಉಳಿಯುವುದೂ ಹೆಚ್ಚು ಕಾಲ. ಅಮೆರಿಕದ ಬಾಕ್ಸರ್ ರಾಯ್ ಜೋನ್ಸ್ 2004ರ ಮೇನಲ್ಲಿ ಆಂಟೋನಿಯೊ ಟಾರ್ವರ್ ಎದುರು ಎರಡನೇ ಸುತ್ತಿನಲ್ಲಿ ಬಿದ್ದರು, ಅದೇ ಸೆಪ್ಟೆಂಬರ್‌ನಲ್ಲಿ ಗ್ಲೆನ್ ಜಾನ್ಸನ್ ಎದುರು ಒಂಬತ್ತನೇ ಸುತ್ತಿನಲ್ಲಿ ಮತ್ತೆ ಬಿದ್ದರು. ಎಲ್ಲರ ಕಥೆಯೂ ಹೀಗಲ್ಲ, ನಿಜ. ಹೆವಿವೇಟ್ ಚಾಂಪಿಯನ್ ಲೆನಾಕ್ಸ್ ಲೂಯಿಸ್ 2001ರ ಏಪ್ರಿಲ್‌ನಲ್ಲಿ ಹಸೀಮ್ ರೆಹಮಾನ್‌ಗೆ ಸೋತು, ನವೆಂಬರ್‌ನಲ್ಲಿ ಅವರನ್ನೇ ನಾಲ್ಕನೇ ಸುತ್ತಿನಲ್ಲಿ ಕೆಡವಿದರು. ಆದರೆ ಹಾಗೆ ಮರಳಿದವರ ಉದಾಹರಣೆ ತೋರಿಸಿ, ತಲೆನೋವು ಇನ್ನೂ ಹೋಗದ ಹುಡುಗನ ತಲೆಗೆ ಹೆಡ್‌ಗಾರ್ಡ್ ಕಟ್ಟಿ ರಿಂಗಿಗೆ ಕಳಿಸುವುದು ಅಕ್ಷಮ್ಯ.

ಕೊಳ್ಳುವಾಗ ಗಲ್ಲದ ಪಟ್ಟಿ ಬಿಗಿದು, ಹೆಡ್‌ಗಾರ್ಡಿನ ಪಕ್ಕಕ್ಕೆ ಅಂಗೈ ಒತ್ತಿ ತಳ್ಳಿ ನೋಡಿ. ಜಾರಿ ಒಂದು ಕಣ್ಣು ಮುಚ್ಚಿದರೆ ಬೇಡ. ಬೆವರು, ವ್ಯಾಸಲೀನ್ ಸೇರಿದ ಮೇಲೆ ಇನ್ನೂ ಜಾರುತ್ತದೆ. ಹಿಂಭಾಗದಲ್ಲಿ ವೆಲ್ಕ್ರೋಗಿಂತ ಲೇಸ್ ಇರುವುದು ಭದ್ರ, ಆದರೆ ಕಟ್ಟಲು ಇನ್ನೊಬ್ಬರು ಬೇಕು. ಅಡ್ಡಪಟ್ಟಿಗೂ ಮೂಗಿಗೂ ನಡುವೆ ಎರಡು ಬೆರಳಷ್ಟು ಜಾಗವಿರಲಿ. ಹೆಬ್ಬೆರಳಿನಿಂದ ಒತ್ತಿದ ಫೋಮ್ ಮೇಲೇಳದಿದ್ದರೆ ಬದಲಿಸಿ.

ಇದು ಕೈಯಲ್ಲಿದ್ದರೂ ಕ್ರಮ ಬದಲಾಗಬಾರದು. ವೈದ್ಯರು ಒಪ್ಪಿದ ಮೇಲೆ ಮೊದಲು ಬ್ಯಾಗ್, ಪ್ಯಾಡ್ ಗುದ್ದುವ ಅಭ್ಯಾಸ. ನಂತರ 16 ಔನ್ಸ್ ಗ್ಲೋವ್ಸ್‌ನಲ್ಲಿ ದೇಹಕ್ಕೆ ಮಾತ್ರ ಹೊಡೆಯುವ ಸ್ಪಾರಿಂಗ್. ತಲೆಗೆ ಹಗುರ ಏಟು ಕೊನೆಗೆ. ಯಾವ ಹಂತದಲ್ಲಾದರೂ ತಲೆಸುತ್ತು, ವಾಕರಿಕೆ, ಬೆಳಕು ಚುಚ್ಚುವುದು ಕಂಡರೆ ಅಂದಿಗೆ ಅಲ್ಲಿಗೇ ನಿಲ್ಲಿಸಿ, ಮತ್ತೆ ವೈದ್ಯರ ಬಳಿ ಹೋಗಬೇಕು.