ಎಸ್ಟೀಮ್‌ನ ಪೆಡಸು ಬಂಪರ್‌ಗೆ ಬೆಸುಗೆಯೋ, ರೆಸಿನ್ನೋ, ಗುಜರಿಯ ಮಾಲೋ?

ಮಾರುತಿ ಎಸ್ಟೀಮ್ 1994ರಲ್ಲಿ ರಸ್ತೆಗಿಳಿಯಿತು. 2007ರಲ್ಲಿ ಅದರ ತಯಾರಿಕೆ ನಿಂತಿತು. ಈಗಲೂ ಆ ಕಾರನ್ನು ಓಡಿಸುತ್ತಿರುವವರಿಗೆ ಎಂಜಿನ್ನಿಗಿಂತ ಹೆಚ್ಚು ತಲೆನೋವು ಕೊಡುವುದು ವಯಸ್ಸಾಗಿ ಪೆಡಸಾದ ಹೊರಮೈ ಪ್ಲಾಸ್ಟಿಕ್. ಕಲಬುರಗಿಯಲ್ಲಿರುವ ನಮ್ಮ ಎಸ್ಟೀಮ್‌ನ ಎರಡು ಬಂಪರ್‌ಗಳಿಗೂ ಗ್ರಿಲ್‌ಗೂ ಬೇರೆ ಬೇರೆ ಮಾರ್ಗಗಳನ್ನು ಪ್ರಯೋಗಿಸಿ, ಬೇಸಿಗೆ ಮಳೆಗಾಲಗಳೆರಡನ್ನೂ ದಾಟಿಸಿ ನೋಡಿದ ಮೇಲೆ ನನಗೆ ಖಚಿತವಾದ ಸಂಗತಿಯೊಂದಿದೆ: ದುರಸ್ತಿಯ ವಿಧಾನವನ್ನು ಆರಿಸುವ ಮೊದಲು ಆ ಪ್ಲಾಸ್ಟಿಕ್ ಯಾವುದು, ಅದರಲ್ಲಿ ಇನ್ನೂ ಎಷ್ಟು ಜೀವ ಉಳಿದಿದೆ ಎಂಬುದನ್ನು ತಿಳಿದುಕೊಳ್ಳಬೇಕು.

ಬಂಪರ್ ಕಳಚಿ ಒಳಮೈ ತಿರುಗಿಸಿದರೆ ಅದರ ಜಾತಿಯನ್ನು ಸೂಚಿಸುವ ಅಚ್ಚು ಸಾಮಾನ್ಯವಾಗಿ ಕಾಣುತ್ತದೆ. ನಮ್ಮ ಬಂಪರ್‌ಗಳ ಮೇಲಿದ್ದದ್ದು ಪಿಪಿ, ಅಂದರೆ ಪಾಲಿಪ್ರೊಪಿಲೀನ್. ಗ್ರಿಲ್ ಮೇಲಿದ್ದದ್ದು ಎಬಿಎಸ್ ಎಂಬ ಇನ್ನೊಂದು ಜಾತಿಯ ಪ್ಲಾಸ್ಟಿಕ್. ಅಚ್ಚು ಅಳಿಸಿಹೋಗಿದ್ದರೆ ಒಂದು ಚೂರನ್ನು ನೀರಿಗೆ ಹಾಕಿ ನೋಡಬಹುದು: ಪಿಪಿ ಸಾಮಾನ್ಯವಾಗಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಇನ್ನು ಜೀವದ ಪರೀಕ್ಷೆ. ನಮ್ಮ ಕಾರು ವರ್ಷಗಟ್ಟಲೆ ನಿಂತದ್ದು ಹಿಂಭಾಗ ಮಾತ್ರ ತಗಡಿನ ಮಾಡಿನೊಳಗೆ ಸೇರುವಂತೆ. ಮುಂಭಾಗ ಪಶ್ಚಿಮದ ಬಿಸಿಲಿಗೆ ಬಿದ್ದಿತ್ತು. ಒಂದೇ ವಯಸ್ಸಿನ ಎರಡು ಬಂಪರ್‌ಗಳಲ್ಲಿ ಹಿಂದಿನದರ ಒಳಅಂಚನ್ನು ಬಗ್ಗಿಸಿದಾಗ ಬಾಗಿದ ಕಡೆ ಬೆಳ್ಳಗಾಗಿ ಮತ್ತೆ ಹಿಂದಕ್ಕೆ ಬಂದಿತು. ಮುಂದಿನದರ ಅಂಚು ಟಕ್ಕೆಂದು ಹಪ್ಪಳದಂತೆ ಮುರಿಯಿತು. ಬಣ್ಣ ಕಿತ್ತ ಜಾಗದಲ್ಲಿ ಉಗುರಿನಿಂದ ಕೆರೆದರೆ ಸುಣ್ಣದಂಥ ಬಿಳಿಪುಡಿ ಬರುತ್ತಿತ್ತು. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಎರಡೂ ಸೇರಿ ಪಾಲಿಪ್ರೊಪಿಲೀನ್‌ನ ಉದ್ದುದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತವೆ, ಮತ್ತು ತುಂಡಾದ ಸರಪಳಿಯನ್ನು ಯಾವ ಬೆಸುಗೆಯೂ ಮತ್ತೆ ಜೋಡಿಸಲಾರದು.

ಹಿಂದಿನ ಬಂಪರ್‌ನಲ್ಲಿ ಎರಡು ಕಡೆ ಬಿರುಕು ಇದ್ದುದರಿಂದ ಬೆಸುಗೆಯನ್ನೂ ರೆಸಿನ್ನನ್ನೂ (ಬಳಿದ ಮೇಲೆ ಗಟ್ಟಿಯಾಗುವ ಅಂಟುದ್ರವ) ಒಂದೇ ತುಂಡಿನ ಮೇಲೆ ಹೋಲಿಸಲು ಸಾಧ್ಯವಾಯಿತು. ಎಡಮೂಲೆಯ ಬಿರುಕಿಗೆ ಬಿಸಿಗಾಳಿಯ ಗನ್ನಿನಿಂದ ಪಿಪಿ ಕಡ್ಡಿಯ ಬೆಸುಗೆ ಹಾಕಿದೆ. ಬಿರುಕು ಮುಂದುವರಿಯದಂತೆ ಅದರ ತುದಿಯಲ್ಲಿ ಸಣ್ಣ ರಂಧ್ರ ಕೊರೆದು, ಬಿರುಕಿನುದ್ದಕ್ಕೂ ಇಳಿಜಾರಾದ ಕಾಲುವೆ ತೋಡಿ, ಹಳಸಿದ ಮೇಲ್ಪದರವನ್ನು ಹೊಳಪುಳ್ಳ ಹೊಸ ಪ್ಲಾಸ್ಟಿಕ್ ಕಾಣುವವರೆಗೂ ಕೆರೆದು ತೆಗೆದ ಮೇಲೆಯೇ ಕಡ್ಡಿ ಕರಗಿಸಬೇಕು; ಕೆಲಸದ ಮುಕ್ಕಾಲು ಪಾಲು ಈ ಸಿದ್ಧತೆಯಲ್ಲೇ ಇದೆ. ಪಿಪಿ ಕರಗುವುದು ಸುಮಾರು 165 ಡಿಗ್ರಿಯಲ್ಲಿ. ಕಡ್ಡಿಯೂ ಬಂಪರ್‌ನ ಅಂಚೂ ಒಟ್ಟಿಗೆ ಮೆತ್ತಗಾದರೆ ಮಾತ್ರ ಅವು ಒಂದಾಗುತ್ತವೆ. ಕಡ್ಡಿ ಮಾತ್ರ ಕರಗಿ ಮೇಲೆ ಕುಳಿತರೆ ತಣ್ಣಗಾದ ಮೇಲೆ ದಾರದಂತೆ ಎದ್ದು ಬರುತ್ತದೆ. ಒಳಮೈಗೆ ಆಧಾರವಾಗಿ ಅಂಕುಡೊಂಕಿನ ಸ್ಟೇಪಲ್‌ಗಳನ್ನು ಬಿಸಿ ಮಾಡಿ ಹುದುಗಿಸುವುದೂ ರೂಢಿಯಲ್ಲಿದೆ. ಸ್ಟೇನ್‌ಲೆಸ್ ಸ್ಟೇಪಲ್ ಆದರೆ ಅದು ಒಳ್ಳೆಯ ಬೆಂಬಲ. ಸಾಮಾನ್ಯ ಕಬ್ಬಿಣದ್ದಾದರೆ ತುಕ್ಕು ಹಿಡಿಯುತ್ತದೆ.

ಬಲಮೂಲೆಯ ಬಿರುಕನ್ನು ಸ್ಥಳೀಯ ಟಿಂಕರಿಂಗ್ ಗ್ಯಾರೇಜಿಗೆ ಒಪ್ಪಿಸಿದಾಗ ಅವರು ರೂಢಿಯಂತೆ ಒಳಗಡೆ ಗಾಜಿನ ನಾರಿನ ಮ್ಯಾಟ್ ಇಟ್ಟು, ಪಾಲಿಯೆಸ್ಟರ್ ರೆಸಿನ್ ಬಳಿದು, ಹೊರಗೆ ಪುಟ್ಟಿ ತುಂಬಿ ಉಜ್ಜಿ ಕೊಟ್ಟರು. ಕೆಲಸ ಬೇಗ ಮುಗಿಯಿತು, ನೋಟಕ್ಕೂ ನನ್ನ ಬೆಸುಗೆಗಿಂತ ನುಣುಪಾಗಿತ್ತು. ಆದರೆ ಪಿಪಿಯ ಮೈಗೆ ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗಿ ಅಂಟುವುದಿಲ್ಲ, ಎಪಾಕ್ಸಿ ರೆಸಿನ್ನಿನದೂ ಅದೇ ಕಥೆ. ಮೊದಲ ಬೇಸಿಗೆ ಕಳೆಯುವಷ್ಟರಲ್ಲಿ ಪುಟ್ಟಿಯ ಅಂಚಿನಲ್ಲಿ ಕೂದಲೆಳೆಯ ಗೆರೆ ಕಾಣಿಸಿತು. ಮಳೆಗಾಲ ಮುಗಿದಾಗ ಒಳಗಿನ ಮ್ಯಾಟ್ ಇಡೀ ಹಾಳೆಯಾಗಿ ಕೈಗೆ ಬಂದಿತು. ಅದೇ ಹಂಪುಗಳ ಮೇಲೆ ಅದೇ ಕುಲುಕಾಟ ತಿಂದ ಎಡಮೂಲೆಯ ಬೆಸುಗೆ ಹಾಗೆಯೇ ಇದೆ. ಆದ್ದರಿಂದ ಜೀವವಿರುವ ಪಿಪಿ ಬಂಪರ್‌ಗೆ ರೆಸಿನ್ ಹಚ್ಚಿಸುವುದು ಹಣವನ್ನು ನೀರಿಗೆ ಹಾಕಿದಂತೆ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಗ್ರಿಲ್‌ನ ವಿಷಯ ಸುಲಭ. ಎಬಿಎಸ್ ಅಸಿಟೋನ್ ಎಂಬ ದ್ರಾವಕದಲ್ಲಿ ಕರಗುತ್ತದೆ, ಪಿಪಿ ಕರಗುವುದಿಲ್ಲ. ಅದೇ ಜಾತಿಯ ಒಡೆದ ಪ್ಲಾಸ್ಟಿಕ್ಕಿನ ಚೂರುಗಳನ್ನು ಗಾಜಿನ ಬಾಟಲಿಯಲ್ಲಿ ಅಸಿಟೋನ್‌ನೊಂದಿಗೆ ಒಂದು ರಾತ್ರಿ ಬಿಟ್ಟರೆ ಜೇನಿನಷ್ಟು ಮಂದವಾದ ಲೇಪ ಸಿದ್ಧವಾಗುತ್ತದೆ; ಅದನ್ನು ಮುರಿದ ಪಟ್ಟಿಗಳ ಹಿಂಬದಿಗೆ ಹಚ್ಚಿ ಒಂದೆರಡು ದಿನ ಅಲುಗಾಡಿಸದೆ ಇಟ್ಟರೆ ಬಿರುಕಿನ ಎರಡು ಬದಿಗಳೂ ಬೆರೆತು ಒಂದಾಗುತ್ತವೆ. ಹೋಲಿಕೆಗೆಂದು ಒಂದು ಪಟ್ಟಿಗೆ ಹಚ್ಚಿದ್ದ ಸೂಪರ್ ಗ್ಲೂ ಬೇಸಿಗೆಯಲ್ಲಿ ಬಿಟ್ಟುಕೊಂಡಿತು, ಲೇಪ ಹಚ್ಚಿದವು ಬಿಡಲಿಲ್ಲ. ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುವ ದ್ರವವಾದ್ದರಿಂದ ಈ ಕೆಲಸ ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ ನಡೆಯಬೇಕು.

ಮುಂದಿನ ಬಂಪರ್‌ಗೆ ಬದಲಾವಣೆಯೊಂದೇ ದಾರಿಯಾಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಿಂದ ಹೊಸ ಲೋಕಲ್ ಬಂಪರ್ ತರಿಸಿದೆವು. ಗುಜರಿಯಿಂದ ಬಳಸಿದ ಕಂಪನಿ ಮಾಲನ್ನೂ ತಂದು ಎರಡನ್ನೂ ಕಾರಿಗೆ ಹಿಡಿದು ನೋಡಿದೆವು. ಲೋಕಲ್ ಮಾಲಿನ ಮೈ ಹೊಳೆಯುತ್ತಿತ್ತು, ಆದರೆ ಗೋಡೆ ತೆಳು. ಹೆಡ್‌ಲೈಟಿನ ಕೆಳಗೆ ಒಂದು ಬದಿಯಲ್ಲಿ ಬೆರಳು ತೂರುವಷ್ಟು ಸಂದು, ಇನ್ನೊಂದು ಬದಿಯಲ್ಲಿ ಮಡ್‌ಗಾರ್ಡಿಗೆ ಒತ್ತುವಷ್ಟು ಬಿಗಿ. ಗುಜರಿಯದ್ದಕ್ಕೆ ಗೀರುಗಳಿದ್ದವು, ಸ್ಕ್ರೂ ಕೂರಿಸುವ ಒಂದು ಕಿವಿ ಮುರಿದಿತ್ತು. ಆದರೂ ಪ್ರತಿ ರಂಧ್ರ ತನ್ನ ಜಾಗಕ್ಕೆ ಸರಿಯಾಗಿ ಬಂದು ಕೂತಿತು. ಬೆಲೆಯೂ ಹೊಸದರ ಅರ್ಧಕ್ಕಿಂತ ಕಡಿಮೆ. ಗುಜರಿಯಲ್ಲಿ ಆರಿಸುವಾಗ ಬಣ್ಣದ ಅಂದಕ್ಕೆ ಬೆರಗಾಗದೆ ಒಳಅಂಚನ್ನು ಬಗ್ಗಿಸಿ ನೋಡಬೇಕು, ರಾಶಿಯ ಮೇಲೆ ಬಿಸಿಲಿಗೆ ಒಣಗಿದ್ದಕ್ಕಿಂತ ಅಡಿಯಲ್ಲಿ ಧೂಳು ಹೊದ್ದು ಬಿದ್ದದ್ದನ್ನು ಎಳೆಸಬೇಕು. ಪೂರ್ತಿ ಗಾಜುನಾರಿನ ಬಂಪರ್ ಕೂಡ ಮಾಡಿಸಬಹುದು. ಅದಕ್ಕೆ ರೆಸಿನ್ ದುರಸ್ತಿ ಚೆನ್ನಾಗಿ ಒಪ್ಪುತ್ತದೆಯಾದರೂ ಸಣ್ಣ ತಾಗುವಿಕೆಗೆ ಬಾಗಿ ಹಿಂದಿರುಗುವ ಗುಣ ಅದಕ್ಕಿಲ್ಲದ ಕಾರಣ ದಿನಬಳಕೆಯ ಕಾರಿಗೆ ಅದನ್ನು ನಾನು ಪರಿಗಣಿಸಲಿಲ್ಲ.

ಯಾವ ಬಂಪರ್ ಹಾಕಿದರೂ ಎರಡು ಕೆಲಸಗಳಲ್ಲಿ ರಾಜಿ ಮಾಡಿಕೊಳ್ಳಬಾರದು. ಮೊದಲನೆಯದು, ಬಣ್ಣಕ್ಕೆ ಮುಂಚೆ ಪ್ಲಾಸ್ಟಿಕ್ ಪ್ರೈಮರ್. ಅದಿಲ್ಲದೆ ಪಿಪಿಯ ಮೇಲೆ ಹೊಡೆದ ಬಣ್ಣ ನೀರಿನ ಪೈಪಿನ ರಭಸಕ್ಕೇ ಸಿಪ್ಪೆಯಾಗಿ ಏಳುತ್ತದೆ. ಎರಡನೆಯದು, ಕ್ಲಿಪ್ ಮತ್ತು ಸ್ಕ್ರೂ. ಪ್ಲಾಸ್ಟಿಕ್ ಬಿಸಿಗೆ ಉಕ್ಕಿಗಿಂತ ಹಲವು ಪಟ್ಟು ಹಿಗ್ಗುತ್ತದೆ. ಮುಂಜಾವಿನಿಂದ ಮಧ್ಯಾಹ್ನದೊಳಗೆ ಇಡೀ ಬಂಪರ್‌ನ ಉದ್ದದಲ್ಲಿ ಮಿಲಿಮೀಟರ್‌ಗಳ ಲೆಕ್ಕದ ವ್ಯತ್ಯಾಸ ಬರುತ್ತದೆ. ಕಂಪನಿಯವರು ರಂಧ್ರಗಳನ್ನು ಉದ್ದುದ್ದ ಕೊರೆದಿರುವುದು ಆ ಹಿಗ್ಗುವಿಕೆಗೆ ಜಾಗ ಬಿಡಲೆಂದೇ. ಕಳೆದುಹೋದ ಕ್ಲಿಪ್ಪಿನ ಬದಲಿಗೆ ಗ್ಯಾರೇಜಿನಲ್ಲಿ ತಗಡಿನ ಸ್ಕ್ರೂ ಹೊಡೆದು ಬಿಗಿದರೆ ಬಿರುಕು ಹುಟ್ಟುವುದು ಆ ಸ್ಕ್ರೂವಿನ ಬುಡದಲ್ಲೇ. ನಮ್ಮ ಹಿಂದಿನ ಬಂಪರ್‌ನ ಎರಡೂ ಬಿರುಕುಗಳು ಶುರುವಾದದ್ದು ಅಂಥ ಸ್ಕ್ರೂಗಳಿಂದ. ಸರಿಯಾದ ಅಳತೆಯ ಕ್ಲಿಪ್‌ಗಳು ಬಿಡಿಭಾಗದ ಅಂಗಡಿಗಳಲ್ಲಿ ಕೆಲವೇ ರೂಪಾಯಿಗೆ ಸಿಗುತ್ತವೆ, ಬಂಪರ್ ತರಲು ಹೋದ ದಿನವೇ ಒಂದು ಹಿಡಿ ಹೆಚ್ಚಿಗೆ ತಂದಿಟ್ಟುಕೊಳ್ಳಬಹುದು.